ಇರುಳಿನಲ್ಲಿ ಕಂಪು ಬೀರುವ ಬ್ರಸಾವೊಲ ನೊಡೋಸ: ಕಾಸರಗೋಡಿನ ಮನೆಯಂಗಳದಲ್ಲಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಆರ್ಕಿಡ್ ಎಂದರೆ ತಂಪು, ನೆರಳು ಮತ್ತು ಎಡೆಬಿಡದ ತೇವ ಬೇಕಾದ ಗಿಡವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ನಂಬಿಕೆಯಿಂದಲೇ ಬ್ರಸಾವೊಲ ನೊಡೋಸವನ್ನು ತಂದು ಅಡಕೆ ತೋಟದ ನಡುವೆ ತೂಗುಹಾಕಿದವರಿಗೆ ವರ್ಷವರ್ಷವೂ ಎಲೆ ಸಿಗುತ್ತದೆಯೇ ಹೊರತು ಹೂವು ಸಿಗುವುದಿಲ್ಲ. ಇದು ಕಡಲ ಕರೆಯ ಗಿಡ. ಮೆಕ್ಸಿಕೊದಿಂದ ತೊಡಗಿ ಮಧ್ಯ ಅಮೆರಿಕದ ದೇಶಗಳನ್ನು ಹಾದು ಕೊಲಂಬಿಯ ಮತ್ತು ವೆನೆಜುವೆಲಗಳ ಉತ್ತರದ ಅಂಚಿನವರೆಗೆ, ಸಮುದ್ರಕ್ಕೆ ಮುಖ ಮಾಡಿದ ಬಂಡೆಗಳ ಮೇಲೂ ಅಳಿವೆಗಳ ಕಾಂಡ್ಲ ಮರಗಳ ಕೊಂಬೆಗಳ ಮೇಲೂ ಬಿಸಿಲು, ಗಾಳಿ ಮತ್ತು ಉಪ್ಪು ತುಂತುರಿಗೆ ಮೈಯೊಡ್ಡಿ ಅದು ಬೆಳೆಯುತ್ತದೆ. ಹಾಗಾಗಿ ಮಂಜೇಶ್ವರದಿಂದ ಬೇಕಲದವರೆಗಿನ ನಮ್ಮ ಸೆಕೆ ಅದಕ್ಕೆ ಹೊಸದಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಬಿಡುವ ಮಳೆಯೊಂದು ಮಾತ್ರ ಹೊಸದು. ಬೇಸಗೆಯಲ್ಲಿ ಧಾರಾಳ ಬೆಳಕು, ಮಳೆಗಾಲದಲ್ಲಿ ತಲೆಯ ಮೇಲೊಂದು ಮಾಡು: ಈ ಗಿಡದ ಮಟ್ಟಿಗೆ ಉಳಿದೆಲ್ಲ ಕೆಲಸಗಳೂ ಈ ಎರಡರ ನಂತರ ಬರುತ್ತವೆ.

ಗಿಡದ ಗುರುತು

ಲಿನೇಯಸ್ 1753ರಲ್ಲಿ ಇದನ್ನು ಎಪಿಡೆಂಡ್ರಮ್ ಕುಲದೊಳಗೆ ಸೇರಿಸಿ ವರ್ಣಿಸಿದ್ದನು. 1813ರಲ್ಲಿ ರಾಬರ್ಟ್ ಬ್ರೌನ್ ಬ್ರಸಾವೊಲ ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದನು. ಮುಂದೆ 1831ರಲ್ಲಿ ಜಾನ್ ಲಿಂಡ್ಲಿ ಈ ಪ್ರಭೇದವನ್ನು ಆ ಕುಲಕ್ಕೆ ವರ್ಗಾಯಿಸಿದನು. ಮಾರಾಟಗಾರರು ಹೆಚ್ಚಾಗಿ ಬಳಸುವ ಹೆಸರು ‘ಲೇಡಿ ಆಫ್ ದಿ ನೈಟ್’.

ಹೂವಿಲ್ಲದ ಹೊತ್ತಿನಲ್ಲಿ ಇದನ್ನು ಆರ್ಕಿಡ್ ಎಂದು ಒಪ್ಪಿಕೊಳ್ಳುವುದೇ ಕಷ್ಟ. ತೆವಳುವ ಅಡಿಕಾಂಡದಿಂದ ಕಡ್ಡಿಯಂತಹ ಸಣ್ಣ ಹುಸಿಗೆಡ್ಡೆಗಳು (ಗೆಡ್ಡೆಯ ಕೆಲಸ ಮಾಡುವ ಕಾಂಡಗಳು) ಒಂದರ ಪಕ್ಕ ಒಂದರಂತೆ ಏಳುತ್ತವೆ. ಪ್ರತಿಯೊಂದರ ತುದಿಯಲ್ಲಿ ಒಂದೇ ಒಂದು ಎಲೆಯಿರುತ್ತದೆ; ಅದು ದಪ್ಪ, ಉರುಟು, ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಸೀಳುಗೆರೆಯುಳ್ಳದ್ದು, ಸುಮಾರು 30 ಸೆಂಟಿಮೀಟರಿನವರೆಗೂ ಬೆಳೆಯಬಲ್ಲದ್ದು. ನೀರನ್ನು ಕೂಡಿಡುವ ಕೆಲಸವನ್ನು ಇಲ್ಲಿ ಗೆಡ್ಡೆಗಿಂತ ಎಲೆಯೇ ಹೆಚ್ಚಾಗಿ ಮಾಡುತ್ತದೆ. ಬಲಿತ ಹುಸಿಗೆಡ್ಡೆಯ ತುದಿಯಿಂದ, ಎಲೆಯ ಬುಡದಲ್ಲಿ, ಹೂತೆನೆ ಹೊರಡುತ್ತದೆ. ಒಂದು ತೆನೆಯಲ್ಲಿ ಒಂದರಿಂದ ಆರರವರೆಗೆ ಹೂಗಳು ಬರುತ್ತವೆ. ಹೂವಿನ ಅಗಲ ಸಾಮಾನ್ಯವಾಗಿ 8 ಸೆಂಟಿಮೀಟರಿನ ಆಸುಪಾಸು. ಐದು ಎಸಳುಗಳು ತಿಳಿಹಸುರು ಬೆರೆತ ಕೆನೆಬಣ್ಣದ ಸಪೂರ ಪಟ್ಟಿಗಳಂತೆ ಚಾಚಿಕೊಂಡಿರುತ್ತವೆ, ಆರನೆಯದಾದ ತುಟಿಯೆಸಳು ಮಾತ್ರ ಅಚ್ಚ ಬಿಳಿಯಾಗಿ ಹೃದಯಾಕಾರದಲ್ಲಿ ಅರಳಿ, ಬುಡದಲ್ಲಿ ಕೊಳವೆಯಾಗಿ ಸುರುಳಿಗೊಳ್ಳುತ್ತದೆ. ಆ ಕೊಳವೆಯೊಳಗೆ ಇಣುಕಿದರೆ ಕೆಲವು ಗಿಡಗಳಲ್ಲಿ ನೇರಳೆ ಚುಕ್ಕೆಗಳು ಕಾಣುತ್ತವೆ.

ಹಗಲಿನಲ್ಲಿ ಮೂಗಿಟ್ಟು ನೋಡಿದವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಆಗ ವಾಸನೆ ಇಲ್ಲವೆಂದೇ ಹೇಳಬೇಕು. ಮುಸ್ಸಂಜೆಯ ನಂತರ ಕಂಪು ತೊಡಗಿ, ಇರುಳು ಬಲಿತಂತೆ ಏರಿ, ಬೆಳಗಾಗುವಾಗ ಇಳಿದುಹೋಗುತ್ತದೆ. ಮಾರನೆಯ ಸಂಜೆ ಅದೇ ಹೂವು ಮತ್ತೆ ಕಂಪು ಬೀರುತ್ತದೆ. ನಿಂಬೆಯ ಜಾತಿಯ ಹೂವುಗಳ ತಾಜಾತನ ಅದರಲ್ಲಿದೆ, ಜೊತೆಗೆ ಸ್ವಲ್ಪ ಸಿಹಿಯೂ ಇದೆ. ರಾತ್ರಿರಾಣಿಯಂತೆ ತಲೆಗೇರುವ ಘಾಟು ಇಲ್ಲದಿರುವುದು ಇದರ ಹೆಚ್ಚುಗಾರಿಕೆ ಎಂಬುದು ನನ್ನ ಅಭಿಪ್ರಾಯ. ಈ ವೇಳಾಪಟ್ಟಿ ಮನುಷ್ಯರಿಗಾಗಿ ಹುಟ್ಟಿದ್ದಲ್ಲ. ಇದರ ಪರಾಗಸ್ಪರ್ಶ ಮಾಡುವವು ಇರುಳಿನಲ್ಲಿ ಹಾರುವ, ನೀಳವಾದ ಹೀರುಕೊಳವೆಯುಳ್ಳ ಪತಂಗಗಳು. ಕತ್ತಲೆಯಲ್ಲಿ ಎದ್ದು ಕಾಣುವ ಬಿಳಿ ತುಟಿ, ಕೊಳವೆಯ ಆಳದಲ್ಲಿರುವ ಮಕರಂದ, ದೂರದಿಂದ ಕರೆಯುವ ಕಂಪು, ಮೂರೂ ಆ ಒಂದು ಅತಿಥಿಗಾಗಿಯೇ ಏರ್ಪಟ್ಟಿವೆ. ಗಿಡದ ಉಸಿರಾಟದ ಲಯವೂ ಇರುಳಿನದ್ದೇ: ಕಳ್ಳಿಗಿಡಗಳಂತೆ ಇದು ಹಗಲಿನ ಬಿಸಿಲಿಗೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಉಳಿಸುತ್ತದೆ, ರಾತ್ರಿ ಅವುಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಸಕ್ಕರೆಯಾಗಿಸುತ್ತದೆ. ಹಗಲು ಒಳ್ಳೆಯ ಬೆಳಕು, ಇರುಳು ಗಾಳಿಯಾಡುವ ಜಾಗ, ಎರಡೂ ಬೇಕೆನ್ನುವುದಕ್ಕೆ ಇದೇ ಕಾರಣ.

ಮೊದಲ ಹಂತ: ಗಿಡಕ್ಕಿಂತ ಮುಂಚೆ ಜಾಗ

ಬೆಳಗಿನ ಬಿಸಿಲು ನೇರವಾಗಿ ಬೀಳುವ, ಹನ್ನೊಂದು ಗಂಟೆಯ ಬಳಿಕ ಚದುರಿದ ಬೆಳಕು ಇರುವ ಮೂಡುದಿಕ್ಕಿನ ಅಥವಾ ತೆಂಕುದಿಕ್ಕಿನ ಜಾಗವನ್ನು ಹುಡುಕಬೇಕು. ಅಳತೆಯಲ್ಲಿ ಹೇಳುವುದಾದರೆ 25,000ದಿಂದ 40,000 ಲಕ್ಸ್ ಬೆಳಕು ಇದಕ್ಕೆ ಹಿತ. ಮೊಬೈಲಿನ ಬೆಳಕುಮಾಪಕ ಆ್ಯಪ್‌ಗಳು ಕರಾರುವಾಕ್ಕಾಗಿ ಅಳೆಯದಿದ್ದರೂ ಎರಡು ಜಾಗಗಳನ್ನು ಹೋಲಿಸಿ ನೋಡಲು ಸಾಕಾಗುತ್ತವೆ. ತೆರೆದ ಟೆರೇಸಿನಲ್ಲಾದರೆ ಶೇಕಡ 50ರ ಶೇಡ್‌ನೆಟ್ ಕಟ್ಟಿದರೆ ಸರಿಹೋಗುತ್ತದೆ. ಶೇಕಡ 75ರ ನೆಟ್ ಕೊಳ್ಳಬಾರದು. ಹಂಚಿನ ಮನೆಗಳ ಜಗಲಿಯಲ್ಲಿ ಮಾಡು ತುಂಬ ಕೆಳಗಿಳಿದಿರುವುದರಿಂದ ಗೋಡೆಯ ಪಕ್ಕದಲ್ಲಿ ಬೆಳಕು ಸಾಲದು. ಮಾಡಿನ ಅಂಚಿನ ಪಕ್ಕಾಸಿಗೆ ತೂಗುಹಾಕಬೇಕು.

ಬೆಳಕು ಸರಿಯಾಗಿದೆಯೇ ಎಂಬುದನ್ನು ಕೆಲವೇ ವಾರಗಳಲ್ಲಿ ಎಲೆಯೇ ಹೇಳುತ್ತದೆ. ಎಲೆ ಗಾಢ ಹಸುರಾಗಿ, ಮೆತ್ತಗಾಗಿ ಜೋತಾಡಿದರೆ ಬೆಳಕು ಕಡಿಮೆ. ಹಸುರು ತುಸು ತಿಳಿಯಾಗಿ, ಎಲೆ ಬಿಗಿದು ನಿಂತು, ಮೇಲ್ಮೈಯಲ್ಲಿ ನೇರಳೆಗೆಂಪಿನ ಸಣ್ಣ ಚುಕ್ಕೆಗಳು ಮೂಡಿದರೆ ಬೆಳಕು ಹದವಾಗಿದೆ. ಅದನ್ನು ರೋಗವೆಂದು ಭಾವಿಸಿ ಔಷಧಿ ಹೊಡೆಯಬಾರದು. ಎಲೆ ಹಳದಿಗೆ ತಿರುಗಿ ಕಂದು ಸುಟ್ಟಗಾಯ ಕಂಡರೆ ಮಾತ್ರ ನೆರಳು ಹೆಚ್ಚಿಸಬೇಕು. ಅಡಕೆ ತೋಟ ಇದಕ್ಕೆ ಸಲ್ಲದೆಂಬುದಕ್ಕೆ ನೆರಳಲ್ಲದೆ ಮತ್ತೊಂದು ಕಾರಣವೂ ಇದೆ. ಕೊಳೆರೋಗಕ್ಕೆಂದು ನಾವು ಅಡಕೆಗೊನೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಮೈಲುತುತ್ತಿನದ್ದು, ಆರ್ಕಿಡ್‌ಗಳ ಎಳೆಯ ಬೇರು ಮತ್ತು ಚಿಗುರುಗಳಿಗೆ ತಾಮ್ರ ಹಿಡಿಸುವುದಿಲ್ಲ. ಮನೆಗೆ ತಾಗಿಯೇ ತೋಟವಿದ್ದರೆ ಸಿಂಪಡಿಸುವ ದಿನ ಗಿಡಗಳನ್ನು ಒಳಗಿಡುವುದು ಕ್ಷೇಮ.

ಎರಡನೆಯ ಹಂತ: ಗಿಡವನ್ನು ಆರಿಸುವುದು

ನರ್ಸರಿಗಳಲ್ಲಿ ‘ನೊಡೋಸ’ ಎಂಬ ಚೀಟಿಯಡಿ ಬರುವ ಗಿಡಗಳಲ್ಲಿ ಎಷ್ಟೋ ಸಲ ‘ಲಿಟಲ್ ಸ್ಟಾರ್ಸ್’ ಎಂಬ ಮಿಶ್ರತಳಿ ಇರುತ್ತದೆ. ಅದು ಇದೇ ನೊಡೋಸವನ್ನು ಅದರ ಹತ್ತಿರದ ಇನ್ನೊಂದು ಬ್ರಸಾವೊಲದೊಂದಿಗೆ ಕೂಡಿಸಿ ಪಡೆದದ್ದು. ಹೂವು ಚಿಕ್ಕದು, ಆದರೆ ಸಂಖ್ಯೆ ಹೆಚ್ಚು, ಕಂಪೂ ಇದೆ, ಬೆಳೆಸುವ ಕ್ರಮವೂ ಒಂದೇ. ಅದರಲ್ಲಿ ಮೋಸಹೋದೆವೆಂದು ಕೊರಗಬೇಕಾಗಿಲ್ಲವಾದರೂ ದೊಡ್ಡ ಹೃದಯಾಕಾರದ ತುಟಿಯನ್ನೇ ಬಯಸುವವರು ಹೂವಿರುವಾಗ ಕೊಳ್ಳುವುದು ಉತ್ತಮ. ಕ್ಯಾಟ್ಲಿಯ ಎಂಬ ಆರ್ಕಿಡ್‌ಗಳೊಂದಿಗೆ ಬೆರೆಸಿದ ಬ್ರಾಸೊಕ್ಯಾಟ್ಲಿಯಗಳೂ ಹಲವಿವೆ; ಅವುಗಳಿಗೆ ಬಣ್ಣ ಬಂದಿದೆ, ಇರುಳಿನ ಕಂಪು ಎಲ್ಲದರಲ್ಲಿಯೂ ಉಳಿದಿಲ್ಲ.

ಕನಿಷ್ಠ ನಾಲ್ಕೈದು ಹುಸಿಗೆಡ್ಡೆಗಳಿದ್ದು, ಹಸುರು ತುದಿಯ ಬೇರುಗಳು ಹೊರಟಿರುವ ಗಿಡವನ್ನು ಆರಿಸಬೇಕು. ಬುಡವನ್ನು ಮೆಲ್ಲಗೆ ಒತ್ತಿದಾಗ ಮೆತ್ತಗಿದ್ದರೆ ಬೇಡ. ಎಲೆಯ ಸೀಳುಗೆರೆಯೊಳಗೆ ಮತ್ತು ಬುಡದ ಒಣಹೊದಿಕೆಯ ಅಡಿಯಲ್ಲಿ ಬಿಳಿ ಹಿಟ್ಟು ಅಥವಾ ಕಂದು ಚಿಪ್ಪು ಇದೆಯೇ ಎಂದು ಕಡ್ಡಾಯವಾಗಿ ನೋಡಬೇಕು. ಆರ್ಕಿಡ್ ಕುಟುಂಬವೆಲ್ಲವೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿ ಸೇರಿರುವುದರಿಂದ ವಿದೇಶದಿಂದ ಸ್ವತಃ ತರಿಸಿಕೊಳ್ಳುವುದು ಸುಲಭದ ಮಾತಲ್ಲ; ದೇಶದೊಳಗೆ ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ಗಿಡಗಳೇ ಸಿಗುವಾಗ ಅದರ ಅಗತ್ಯವೂ ಇಲ್ಲ.

ಮೂರನೆಯ ಹಂತ: ಕಟ್ಟುವುದು

ಇದನ್ನು ಮಣ್ಣಿನಲ್ಲಿ ನೆಡಬಾರದು ಎಂಬುದು ಎಲ್ಲರಿಗೂ ಗೊತ್ತಿದೆ. ಚಟ್ಟಿಯಲ್ಲಿಯೂ ಬೇಡವೆಂದು ನಾನು ಹೇಳುತ್ತೇನೆ, ಕನಿಷ್ಠ ನಮ್ಮ ಜಿಲ್ಲೆಯ ಮಟ್ಟಿಗಾದರೂ. ಆರ್ಕಿಡ್ ಬೇರಿಗೆ ವೆಲಾಮೆನ್ ಎಂಬ ಬಿಳಿಯ ಸ್ಪಂಜಿನಂತಹ ಹೊದಿಕೆಯಿದೆ. ಮಳೆ ಬಿದ್ದ ಕ್ಷಣದಲ್ಲಿ ಅದು ನೀರನ್ನು ಹೀರಿ ಹಸುರಾಗುತ್ತದೆ, ಅನಂತರ ಒಣಗಿ ಮತ್ತೆ ಬಿಳಿಯಾಗುತ್ತದೆ. ಈ ನೆನೆಯುವಿಕೆ ಮತ್ತು ಒಣಗುವಿಕೆಯ ಸರದಿ ತಪ್ಪಿದಾಗ ಬೇರು ಕೊಳೆಯುತ್ತದೆ. ಕರ್ಕಾಟಕದ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹಗ್ಗದ ಮೇಲೆ ಹಾಕಿದ ಬಟ್ಟೆಯೇ ಒಣಗದಿರುವಾಗ ಚಟ್ಟಿಯ ನಡುವಿನ ಬೇರು ಒಣಗೀತೆಂದು ನಿರೀಕ್ಷಿಸುವಂತಿಲ್ಲ.

ಆದ್ದರಿಂದ ಗಿಡವನ್ನು ಮರದ ತುಂಡಿಗೆ ಕಟ್ಟಿ ತೂಗುಹಾಕುವುದೇ ಲೇಸು. ಸುಮಾರು ಒಂದಡಿ ಉದ್ದದ, ತೊಗಟೆ ಒರಟಾಗಿರುವ ಮಾವಿನ ಅಥವಾ ಹಲಸಿನ ಗೆಲ್ಲು ಸಾಕು. ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಹಚ್ಚಿದ ಹಲಗೆ ಬೇಡ. ಇಲ್ಲಿ ಎಲ್ಲರ ಕೈಗೆ ಮೊದಲು ಸಿಗುವುದು ತೆಂಗಿನಕಾಯಿಯ ಸಿಪ್ಪೆ. ಅದು ನೀರನ್ನು ವಿಪರೀತ ಹಿಡಿದಿಡುತ್ತದೆ, ಒಂದೆರಡು ಮಳೆಗಾಲಗಳಲ್ಲಿ ಕೊಳೆತು ಹುಡಿಯಾಗುತ್ತದೆ, ಹಸಿಯಾಗಿದ್ದರೆ ಅದರ ಉಪ್ಪು ಮತ್ತು ಚೊಗರು ಬೇರಿಗೆ ತಾಗುತ್ತವೆ. ಬಳಸಲೇಬೇಕೆಂದಿದ್ದರೆ ಹಲವು ದಿನ ನೀರು ಬದಲಿಸುತ್ತಾ ನೆನೆಸಿ, ಒಣಗಿಸಿ, ಬೆರಳಗಲದ ಒಂದು ಪಟ್ಟಿಯನ್ನು ಮಾತ್ರ ಬೇರಿನ ಅಡಿಗಿಟ್ಟು ಕಟ್ಟಬಹುದು.

ಕಟ್ಟುವ ಹೊತ್ತು ಮುಖ್ಯ. ಹೊಸ ಹುಸಿಗೆಡ್ಡೆಯ ಬುಡದಿಂದ ಬೇರಿನ ಹಸುರು ತುದಿಗಳು ಆಗಷ್ಟೇ ಮೊಳೆಯುತ್ತಿರುವಾಗ ಕಟ್ಟಿದರೆ ಅವು ಕೆಲವೇ ವಾರಗಳಲ್ಲಿ ತೊಗಟೆಯನ್ನು ಕಚ್ಚಿಕೊಳ್ಳುತ್ತವೆ. ಬೇರು ನಿದ್ರಿಸುತ್ತಿರುವಾಗ ಕಟ್ಟಿದರೆ ಗಿಡ ತಿಂಗಳುಗಟ್ಟಲೆ ಸೊರಗುತ್ತದೆ. ಹಳೆಯ ಚಟ್ಟಿಯಿಂದ ಬಿಡಿಸುವಾಗ ಬೇರುಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಬೇಕು, ಆಗ ಅವು ಬಾಗುತ್ತವೆ, ಒಡೆಯುವುದಿಲ್ಲ. ಟೊಳ್ಳಾದ ಸತ್ತ ಬೇರುಗಳನ್ನು ಕತ್ತರಿಸಿ, ಅಡಿಕಾಂಡವು ಮರಕ್ಕೆ ತಾಗುವಂತೆಯೂ ಹೊಸ ಚಿಗುರು ಹೊರಮುಖವಾಗಿರುವಂತೆಯೂ ಇರಿಸಿ, ನೈಲಾನ್ ನೂಲಿನಿಂದ ಅಲುಗಾಡದ ಹಾಗೆ ಸುತ್ತಬೇಕು. ಅಲುಗಾಡಿದರೆ ಬೇರಿನ ತುದಿ ಉಜ್ಜಿ ಸಾಯುತ್ತದೆ. ತಾಮ್ರದ ತಂತಿಯನ್ನು ಮಾತ್ರ ಬಳಸಬಾರದು. ಎಲೆಗಳು ಕೆಳಮುಖವಾಗಿ ಜೋತರೂ ಚಿಂತೆಯಿಲ್ಲ, ಕಾಡಿನಲ್ಲಿಯೂ ಅವು ಎಷ್ಟೋ ಕಡೆ ಹಾಗೆಯೇ ಬೆಳೆಯುತ್ತವೆ.

ಅಂಗಳದ ಮರಕ್ಕೇ ಕಟ್ಟಬಯಸುವವರಿಗೆ ದೇವಕಣಗಿಲೆಗಿಂತ ಒಳ್ಳೆಯ ಆಸರೆ ಇಲ್ಲ. ಚಳಿಯ ತಿಂಗಳುಗಳಲ್ಲಿ ಅದು ಎಲೆ ಉದುರಿಸಿ ಬೆಳಕು ಬಿಡುತ್ತದೆ, ಮಳೆಗಾಲದಲ್ಲಿ ಎಲೆ ತುಂಬಿಕೊಂಡು ಹನಿಗಳ ಹೊಡೆತವನ್ನು ತಡೆಯುತ್ತದೆ. ಕವಲಿನಲ್ಲಿ ಕಟ್ಟದೆ, ನೀರು ನಿಲ್ಲದ ನೆಟ್ಟನೆಯ ಕಾಂಡದಲ್ಲಿ ಮೂಡುದಿಕ್ಕಿಗೆ ಕಟ್ಟಬೇಕು. ಮರಕ್ಕೆ ಹಾನಿಯಾದೀತೆಂದು ಮನೆಯ ಹಿರಿಯರು ಆಕ್ಷೇಪಿಸಿದರೆ ಇದು ಬಂದಳಿಕೆಯಲ್ಲ ಎಂದು ತಿಳಿಸಬಹುದು: ಬಂದಳಿಕೆ ಮರದ ರಸವನ್ನೇ ಹೀರುತ್ತದೆ, ನಮ್ಮ ಹಲಸಿನ ಮರಗಳಲ್ಲಿ ತೂಗುವ ಸೀತಾಳೆದಂಡೆ ಆರ್ಕಿಡ್‌ನ ಹಾಗೆ ಇದು ಮರದಿಂದ ಆಸರೆಯನ್ನಷ್ಟೇ ಪಡೆಯುತ್ತದೆ.

ನಾಲ್ಕನೆಯ ಹಂತ: ಕಾಲಮಾನಕ್ಕೆ ತಕ್ಕ ನೀರು

ದಿನಕ್ಕೆ ಇಷ್ಟು ಸಲ ಎಂಬ ಒಂದೇ ನಿಯಮ ವರ್ಷವಿಡೀ ನಡೆಯುವುದಿಲ್ಲ. ಕುಂಭ ತಿಂಗಳಿನಿಂದ ಮೇಷದ ಕೊನೆಯವರೆಗೆ, ಎಂದರೆ ಫೆಬ್ರವರಿ ನಡುವಿನಿಂದ ಮೇ ನಡುವಿನವರೆಗೆ, ಮರದ ತುಂಡಿಗೆ ಕಟ್ಟಿದ ಗಿಡಕ್ಕೆ ಪ್ರತಿದಿನ ಬೆಳಗ್ಗೆ ಬೇರುಗಳೆಲ್ಲ ಹಸುರಾಗುವಷ್ಟು ನೀರು ಕೊಡಬೇಕು. ತೀರಾ ಸೆಕೆಯಿರುವ ದಿನಗಳಲ್ಲಿ ಸಂಜೆ ಐದರ ಸುಮಾರಿಗೆ ಬೇರುಗಳಿಗೆ ಇನ್ನೊಮ್ಮೆ ಸಿಂಪಡಿಸಬಹುದು. ಪೆರ್ಲ, ಮುಳ್ಳೇರಿಯ, ಅಡೂರಿನಂತಹ ಒಳನಾಡಿನಲ್ಲಿ ಗಾಳಿ ಕಡಲ ಬದಿಗಿಂತ ಒಣಗಿರುವುದರಿಂದ ಈ ಎರಡನೆಯ ಸಿಂಪಡಣೆ ಹೆಚ್ಚು ಬೇಕಾಗುತ್ತದೆ. ಉಪ್ಪಳ, ಕುಂಬಳೆಯ ಕಡಲತಡಿಯ ಬಾವಿಗಳಲ್ಲಿ ಬೇಸಗೆಯ ಕೊನೆಗೆ ನೀರು ಚಪ್ಪೆಯಾಗಿ ಉಳಿಯದೆ ಉಪ್ಪಾದರೆ ಅದನ್ನು ಕೊಡಬಾರದು. ಎಲೆಯ ಮೇಲೆ ಬಿದ್ದ ಉಪ್ಪು ತುಂತುರನ್ನು ಮಳೆ ತೊಳೆಯುತ್ತದೆಂಬ ಕಾರಣಕ್ಕೆ ಗಿಡ ಅದನ್ನು ತಾಳುತ್ತದೆಯೇ ವಿನಾ ಬೇರಿನಲ್ಲಿ ದಿನದಿನವೂ ಕೂಡುವ ಉಪ್ಪನ್ನಲ್ಲ. ಮುರಕಲ್ಲಿನ ನೆಲದ ಸಿಹಿನೀರಿನ ಬಾವಿಗಳಿದ್ದವರಿಗೆ ಈ ತೊಂದರೆಯಿಲ್ಲ.

ಪತ್ತನಾಜೆ ಈ ಗಿಡದ ಮಟ್ಟಿಗೂ ಒಂದು ಗಡು. ಮೇ 24ರ ಹೊತ್ತಿಗೆ, ಎಂದರೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ, ತೂಗುಹಾಕಿದ ಎಲ್ಲ ಗಿಡಗಳೂ ಮಾಡಿನ ಅಡಿಗೆ ಬಂದಿರಬೇಕು. ಹಂಚಿನ ಮಾಡು ಮಳೆಯನ್ನು ತಡೆಯುತ್ತದೆ, ಆದರೆ ಮೋಡದ ದಿನಗಳ ಅಲ್ಪ ಬೆಳಕನ್ನೂ ತಡೆಯುತ್ತದೆ. ಆದ್ದರಿಂದ ಪಾರದರ್ಶಕ ಶೀಟಿನ ಅಡಿಯೇ ಒಳ್ಳೆಯದು. ಅಡಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಮಾಡು ಹೆಚ್ಚಿನ ಕೃಷಿಕರ ಮನೆಗಳಲ್ಲಿ ಇದೆ, ಮಳೆಗಾಲದಲ್ಲಿ ಅದರಲ್ಲಿ ಜಾಗವೂ ಇರುತ್ತದೆ. ಅದರ ಬದಿಯ ಹಾಳೆಗಳನ್ನು ಸಂಪೂರ್ಣ ಮೇಲೆತ್ತಿ ಕಟ್ಟಿ, ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುವಂತೆ ಮಾಡಿದರೆ ಈ ಗಿಡಕ್ಕೆ ಅಷ್ಟು ಯೋಗ್ಯವಾದ ಮನೆಯನ್ನು ದುಡ್ಡು ಕೊಟ್ಟು ಕಟ್ಟಿಸಲೂ ಆಗದು. ಬದಿ ಮುಚ್ಚಿಟ್ಟರೆ ಬಿಸಿಲು ಬಂದ ದಿನ ಒಳಗಿನ ಸೆಕೆ ಗಿಡವನ್ನು ಬೇಯಿಸುತ್ತದೆ. ಗಾಳಿಯಲ್ಲಿಯೇ ಇಷ್ಟು ತೇವವಿರುವ ಈ ತಿಂಗಳುಗಳಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ಬೇರು ಪೂರ್ಣ ಬಿಳಿಯಾಗಿದ್ದರೆ ಮಾತ್ರ, ಬೆಳಗಿನ ಹೊತ್ತು ನೀರು ಕೊಟ್ಟರೆ ಸಾಕು.

ಸೆಪ್ಟೆಂಬರ್ ನಡುವಿಗೆ ಸೋಣ ತಿಂಗಳು ಕಳೆದು ಬಿಸಿಲು ಮರಳಿದೊಡನೆ ಗಿಡವನ್ನು ಒಮ್ಮೆಲೇ ಹೊರಗಿಟ್ಟು ಸುಟ್ಟುಕೊಳ್ಳುವವರು ಬಹಳ. ಮೋಡದಡಿಯಲ್ಲಿ ಬೆಳೆದ ಎಲೆ ಎಳಸಾಗಿರುತ್ತದೆ. ಎರಡು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆಳಕಿಗೆ ಸರಿಸಬೇಕು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗುಮಳೆ ಸಂಜೆ ಬಂದು ಹೋಗುವಂಥದ್ದು, ಮಾರನೆಯ ದಿನದ ಬಿಸಿಲು ಅದನ್ನು ಒಣಗಿಸುವುದರಿಂದ ಬೇರೂರಿದ ಗಿಡಕ್ಕೆ ಅದು ಹಿತವೇ. ಧನು, ಮಕರಗಳಲ್ಲಿ (ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ) ದಿನ ಬಿಟ್ಟು ದಿನ ನೀರು ಸಾಕಾಗುತ್ತದೆ.

ಐದನೆಯ ಹಂತ: ಗೊಬ್ಬರ

ಇಲ್ಲಿ ಹೇಳಬೇಕಾದ್ದು ಕಡಿಮೆ. ಕೃಷಿ ಅಂಗಡಿಗಳಲ್ಲಿ ಸಿಗುವ 19:19:19 ಗೊಬ್ಬರವನ್ನು ಒಂದು ಲೀಟರ್ ನೀರಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನವರೆಗೆ ಕರಗಿಸಿ, ಬೆಳವಣಿಗೆಯಿರುವಾಗ ವಾರಕ್ಕೊಮ್ಮೆ, ಮೊದಲೇ ನೀರಿನಿಂದ ನೆನೆಸಿದ ಬೇರುಗಳ ಮೇಲೆ ಸಿಂಪಡಿಸಬೇಕು. ತಿಂಗಳಿಗೊಮ್ಮೆ ಬರಿಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಮಿಥುನ, ಕರ್ಕಾಟಕಗಳಲ್ಲಿ (ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಿಲ್ಲಿಸಿಬಿಡಬಹುದು. ಸೆಗಣಿ ನೀರು, ನೆಲಕಡಲೆ ಹಿಂಡಿಯ ನೀರು ಮಲ್ಲಿಗೆಗೆ ಚೆನ್ನ. ಇಲ್ಲಿ ಅವು ಬೇರಿನ ಮೇಲೆ ಲೋಳೆಗಟ್ಟಿ ಹುಳುವನ್ನು ಕರೆಯುತ್ತವೆ.

ಆರನೆಯ ಹಂತ: ಹುಳು ಮತ್ತು ಕೊಳೆ

ಅಡಕೆ ಬೆಳೆಯುವವರಿಗೆ ಕೊಳೆರೋಗದ ಹವೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ: ಬಿಡದ ಮಳೆ, ನಡುನಡುವೆ ಹಣಿಕುವ ಬಿಸಿಲು, ಚಲಿಸದ ಗಾಳಿ. ಅಡಕೆಯ ಕೊಳೆಗೆ ಕಾರಣವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ವರ್ಗವೇ ಆರ್ಕಿಡ್‌ಗಳ ಕಪ್ಪುಕೊಳೆಗೂ ಕಾರಣ. ಹೊಸ ಚಿಗುರಿನ ಬುಡ ನೀರು ತುಂಬಿದಂತಾಗಿ, ಕಪ್ಪಾಗಿ, ಎಲೆ ಮುಟ್ಟಿದರೆ ಕಳಚಿ ಕೈಗೆ ಬಂದರೆ ಅಂದೇ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಚೂರಿಯಿಂದ ಬಿಳಿಯ ಆರೋಗ್ಯವಂತ ಭಾಗ ಕಾಣುವವರೆಗೆ ಕತ್ತರಿಸಿ ತೆಗೆಯಬೇಕು. ಗಾಯಕ್ಕೆ ದಾಲ್ಚಿನ್ನಿ ಹುಡಿಯನ್ನು ಒತ್ತಿ, ಬೇರಿಗೆ ಅದು ತಾಗದಂತೆ ನೋಡಿಕೊಂಡು, ಒಂದು ವಾರ ನೀರು ಕೊಡದೆ ಗಾಳಿಯಲ್ಲಿಡಬೇಕು. ಆ ಚೂರಿಯನ್ನು ಮತ್ತೆ ಕಾಯಿಸದೆ ಇನ್ನೊಂದು ಗಿಡಕ್ಕೆ ತಾಗಿಸಬಾರದು.

ಹಿಟ್ಟುತಿಗಣೆ ಮತ್ತು ಶಲ್ಕಕೀಟಗಳು ಸೀಳುಗೆರೆಯಲ್ಲಿಯೂ ಒಣಹೊದಿಕೆಯ ಅಡಿಯಲ್ಲಿಯೂ ಅಡಗುತ್ತವೆ. ಬಲಿತ ಹುಸಿಗೆಡ್ಡೆಗಳ ಒಣಹೊದಿಕೆಯನ್ನು ಸುಲಿದುಹಾಕಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಬೇಕು. ಹೆಚ್ಚಿದ್ದರೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನು ದ್ರಾವಣದೊಂದಿಗೆ ಕಲಸಿ ಬಿಸಿಲಿಳಿದ ಮೇಲೆ ಸಿಂಪಡಿಸಬೇಕು. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಅವುಗಳು ಈ ಕೀಟಗಳ ಅಂಟುಸಿಹಿಗಾಗಿಯೇ ಬಂದಿವೆಯೆಂದು ತಿಳಿಯಬೇಕು. ಬಸವನಹುಳುಗಳು ಮಳೆಗಾಲದ ಒಂದೇ ಇರುಳಿನಲ್ಲಿ ಬೇರಿನ ತುದಿಗಳನ್ನೂ ಮೊಗ್ಗುಗಳನ್ನೂ ತಿಂದು ಮುಗಿಸುತ್ತವೆ. ತಂತಿಯಲ್ಲಿ ತೂಗುಹಾಕಿದ ಗಿಡಕ್ಕೆ ಅವು ಏರುವುದು ಅಪರೂಪ. ಮರಕ್ಕೆ ಕಟ್ಟಿದ್ದರೆ ರಾತ್ರಿ ಟಾರ್ಚು ಹಿಡಿದು ಹೆಕ್ಕುವುದೇ ನಂಬಲರ್ಹವಾದ ಉಪಾಯ.

ಏಳನೆಯ ಹಂತ: ಹೂವಿನ ದಿನಗಳು

ಸರಿಯಾಗಿ ಬೆಳಕು ಕಂಡ ಗಿಡವು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುವುದುಂಟು. ಹೂವು ಒಂದೆರಡು ವಾರಗಳವರೆಗೆ ಉಳಿಯುತ್ತದೆ. ಮೊಗ್ಗು ಕಂಡ ಮೇಲೆ ಗಿಡದ ದಿಕ್ಕನ್ನು ತಿರುಗಿಸದಿದ್ದರೆ ಹೂಗಳು ಒಂದೇ ಕಡೆಗೆ ಮುಖ ಮಾಡುತ್ತವೆ. ಅರಳಿದ ಬಳಿಕ ಗಿಡವನ್ನು ಜಗಲಿಯಲ್ಲಿ, ಕುಳಿತವರ ಮೂಗಿನ ಎತ್ತರಕ್ಕೆ, ಗಾಳಿ ನೇರವಾಗಿ ಬಡಿಯದ ಮೂಲೆಗೆ ತರಬಹುದು. ಹೂವಿರುವಷ್ಟು ದಿನ ಬೆಳಕು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಹತ್ತಿರದಲ್ಲಿ ಬಾಳೆಗೊನೆಯನ್ನು ಹಣ್ಣಾಗಲು ತೂಗುಹಾಕಬಾರದು. ಹಣ್ಣಾಗುವ ಬಾಳೆ ಹೊರಬಿಡುವ ಎಥಿಲೀನ್ ಅನಿಲವು ಆರ್ಕಿಡ್ ಹೂಗಳನ್ನು ಅವಧಿಗೆ ಮುನ್ನವೇ ಬಾಡಿಸುತ್ತದೆ. ಬಚ್ಚಲೊಲೆಯ ಹೊಗೆಯಲ್ಲಿಯೂ ಅದೇ ಅನಿಲವಿರುತ್ತದೆ. ಸೊಳ್ಳೆಬತ್ತಿ ಹಚ್ಚಿದ ಜಗಲಿಯಲ್ಲಿ ಹೂವಿಗೆ ಏನಾದರೂ ಆಗಲಿ ಬಿಡಲಿ, ಕಂಪಂತೂ ಯಾರಿಗೂ ಸಿಗುವುದಿಲ್ಲ.

ಹೂವೇ ಬಾರದಿದ್ದರೆ ಗೊಬ್ಬರ ಬದಲಿಸುವ ಮೊದಲು ಗಿಡದ ಜಾಗವನ್ನು ಬದಲಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಕಾರಣ ನೆರಳೇ ಎಂದು ಊಹಿಸಿದರೆ ತಪ್ಪಾಗಲಾರದು. ಬೆಳಕು ಸಾಕಷ್ಟಿದ್ದೂ ಹೂವಿಲ್ಲವಾದರೆ ಗಿಡ ಇನ್ನೂ ಎಳೆಯದಾಗಿರಬಹುದು, ಅಥವಾ ಅದನ್ನು ಇತ್ತೀಚೆಗೆ ಒಡೆದಿರಬಹುದು.

ಒಡೆದು ಸಸಿ ಮಾಡುವುದು

ಇದು ದೊಡ್ಡ ಹಿಂಡಾದಷ್ಟೂ ಹೆಚ್ಚು ಹೂ ಕೊಡುವ ಗಿಡವಾದ್ದರಿಂದ ಸುಮ್ಮಸುಮ್ಮನೆ ಒಡೆಯಬಾರದು. ನೆಂಟರು ಕೇಳಿದರೆಂದು ಎರಡೆರಡು ಗೆಡ್ಡೆ ಕಿತ್ತುಕೊಟ್ಟರೆ ಕೊಟ್ಟವರ ಗಿಡವೂ ಪಡೆದವರ ಗಿಡವೂ ವರ್ಷಗಟ್ಟಲೆ ಹೂವಿಲ್ಲದೆ ಉಳಿಯುತ್ತವೆ. ಮರದ ತುಂಡು ಕೊಳೆತಾಗ ಅಥವಾ ಹಿಂಡಿನ ನಡುಭಾಗ ಒಣಗಿದಾಗ, ಹೊಸ ಬೇರು ಮೊಳೆಯುವ ಹೊತ್ತು ನೋಡಿ, ಪ್ರತಿ ತುಂಡಿನಲ್ಲಿಯೂ ನಾಲ್ಕಕ್ಕೆ ಕಡಿಮೆಯಿಲ್ಲದ ಹುಸಿಗೆಡ್ಡೆಗಳೂ ಒಂದು ಮುಂಚೂಣಿ ಚಿಗುರೂ ಇರುವಂತೆ ಅಡಿಕಾಂಡವನ್ನು ಕತ್ತರಿಸಬೇಕು. ಗಾಯವನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ ಮೂರನೆಯ ಹಂತದಲ್ಲಿ ಹೇಳಿದಂತೆ ಕಟ್ಟಬೇಕು. ತುಲಾಮಳೆ ಕಳೆದ ಬಳಿಕದ ದಿನಗಳು ಇದಕ್ಕೆ ಅನುಕೂಲವಾಗಿವೆ, ಏಕೆಂದರೆ ಮುಂದಿನ ಮಳೆಗಾಲಕ್ಕೆ ಆರು ತಿಂಗಳ ಬಿಡುವಿರುತ್ತದೆ ಮತ್ತು ಅಷ್ಟರೊಳಗೆ ಬೇರುಗಳು ತೊಗಟೆಯನ್ನು ಹಿಡಿದಿರುತ್ತವೆ. ಬೀಜದಿಂದ ಬೆಳೆಸುವುದು ಮನೆಯ ಕೆಲಸವಲ್ಲ. ದೂಳಿನಷ್ಟು ಸಣ್ಣದಾದ ಅದರ ಬೀಜದಲ್ಲಿ ಆಹಾರದ ದಾಸ್ತಾನು ಇಲ್ಲದ ಕಾರಣ ಕಾಡಿನಲ್ಲಿ ಅದಕ್ಕೆ ಶಿಲೀಂಧ್ರದ ನೆರವು ಬೇಕು, ಪ್ರಯೋಗಾಲಯದಲ್ಲಾದರೆ ಸಕ್ಕರೆ ಬೆರೆತ ನಿರ್ಜೀವೀಕರಿಸಿದ ಮಾಧ್ಯಮ ಬೇಕು. ಕಾಯಿ ಕಟ್ಟಿದ್ದು ಕಂಡರೆ ಅದನ್ನು ಎಳೆಯದಾಗಿರುವಾಗಲೇ ಚಿವುಟಿ ತೆಗೆದರೆ ಗಿಡದ ಬಲ ಮುಂದಿನ ಚಿಗುರಿಗೆ ಉಳಿಯುತ್ತದೆ.